ಸ್ಕ್ಯಾನ್ ನಾರ್ಮಲ್ ಬಂತು, ಹಾಗಾದರೆ ಕಾಯಿಲೆ ಸುಳ್ಳಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನ್ನ ತಮ್ಮನಿಗೆ 26 ವರ್ಷ. ಎಂಟು ತಿಂಗಳಿಂದ ಅವನು ಮೊದಲಿನ ಹಾಗಿಲ್ಲ. ಎಷ್ಟೊತ್ತಿಗೆ ಮಲಗಿದರೂ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಗೋಡೆ ನೋಡುತ್ತಾ ಕೂತಿರುತ್ತಾನೆ. ಕೆಲಸ ಬಿಟ್ಟ. ಸ್ನಾನಕ್ಕೆ ಹೋಗು ಅಂತ ಹತ್ತು ಸಲ ಹೇಳಬೇಕು. ‘ನಾನು ನಿಮಗೆಲ್ಲ ಭಾರ’ ಅಂತ ಎರಡು ಸಲ ಅಂದಿದ್ದಾನೆ. ಮನೋವೈದ್ಯರು ಡಿಪ್ರೆಷನ್ ಎಂದು ಮಾತ್ರೆ ಬರೆದುಕೊಟ್ಟರು, ಸ್ಕ್ಯಾನ್ ಬೇಕಾಗಿಲ್ಲ ಅಂತಲೂ ಹೇಳಿದರು. ಅಪ್ಪ ಕೇಳಲಿಲ್ಲ, ಹಟ ಹಿಡಿದು ಎಂಆರ್‌ಐ ಮಾಡಿಸಿದರು. ರಿಪೋರ್ಟಿನಲ್ಲಿ ಮಿದುಳು ಸರಿಯಾಗಿದೆ ಅಂತ ಬಂತು. ಕೊನೆಯಲ್ಲಿ ಮಾತ್ರ ‘ಪೀನಿಯಲ್ ಗ್ರಂಥಿಯಲ್ಲಿ 6 ಮಿ.ಮೀ. ಸಿಸ್ಟ್’ ಅಂತ ಒಂದು ಸಾಲು. ಅವತ್ತಿಂದ ಅಪ್ಪ ‘ಮಿಷಿನ್ನೇ ಏನೂ ಇಲ್ಲ ಅಂದಿದೆ, ನಾಟಕ ಸಾಕು’ ಅನ್ನುತ್ತಾರೆ. ಅದನ್ನು ಕೇಳಿ ಕೇಳಿ ತಮ್ಮ ಮೂರು ವಾರದ ಹಿಂದೆ ಮಾತ್ರೆ ಬಿಟ್ಟಿದ್ದಾನೆ. ನಾನೊಂದು ವಿಡಿಯೊ ನೋಡಿದೆ. ಅದರಲ್ಲಿ ಡಿಪ್ರೆಷನ್ ಇರುವವರ ಮಿದುಳು ನೀಲಿ, ಇಲ್ಲದವರದ್ದು ಕೆಂಪು. ಅಂಥ ಬಣ್ಣದ ಸ್ಕ್ಯಾನ್ ಮಾಡಿ ಯಾವ ಮಾತ್ರೆ ಹಿಡಿಸುತ್ತದೆ ಅಂತಲೂ ಹೇಳುತ್ತಾರಂತೆ. ಮಾಡಿಸಲಾ? ಆ ಸಿಸ್ಟ್‌ನಿಂದಲೇ ಇದೆಲ್ಲ ಆಗಿರಬಹುದಾ? ನಿಜ ಹೇಳಬೇಕೆಂದರೆ, ಅಪ್ಪನ ಮುಂದೆ ಇಡುವುದಕ್ಕೆ ನನಗೆ ಒಂದು ಫೋಟೊ ಬೇಕು.

ಉತ್ತರ: ಸ್ಕ್ಯಾನ್ ವಿಷಯಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಪತ್ರದ ಎರಡು ಮಾತು ಇವತ್ತೇ ನೋಡಬೇಕಾದವು. ‘ನಾನು ಭಾರ’ ಅನ್ನುವುದು ಒಂದು, ಮಾತ್ರೆ ಬಿಟ್ಟಿದ್ದು ಇನ್ನೊಂದು.

ತಮ್ಮನ ಪಕ್ಕ ಕೂತು, ಬೇರೆ ಯಾರೂ ಇಲ್ಲದಾಗ, ‘ಸತ್ತುಹೋಗಬೇಕು ಅಂತ ಅನ್ಸುತ್ತಾ?’ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತೆ ಆಗುತ್ತದೆ ಎಂದು ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಹೆಚ್ಚಿನವರು ಯಾರಾದರೂ ಕೇಳಲಿ ಅಂತ ಕಾಯುತ್ತಿರುತ್ತಾರೆ. ‘ಹೌದು’ ಅಂದರೆ, ಅದರಲ್ಲೂ ಹೇಗೆ, ಯಾವಾಗ ಅಂತ ಯೋಚಿಸಿದ್ದರೆ, ಅವನನ್ನು ಒಬ್ಬನೇ ಬಿಡಬೇಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ‘ಇಲ್ಲ’ ಅಂದರೂ ಈ ವಾರದಲ್ಲಿ ಅದೇ ಮನೋವೈದ್ಯರನ್ನು ನೋಡಿ, ಮಾತ್ರೆ ನಿಂತಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿ. ಅವರು ಬಯ್ಯುವುದಿಲ್ಲ. ಇದು ನಮಗೆಲ್ಲ ವಾರಕ್ಕೆ ಹತ್ತು ಸಲ ಕೇಳುವ ಮಾತು. ಹಳೇ ಡೋಸನ್ನು ನೀವೇ ಶುರು ಮಾಡಬೇಡಿ. ಎಷ್ಟರಿಂದ ಶುರು ಮಾಡಬೇಕು ಎಂದು ಅವರೇ ಹೇಳಲಿ.

ಇನ್ನು ಸ್ಕ್ಯಾನ್.

ಆ ಮಿಷಿನ್ ನೋಡಿದ್ದೇನು?

ನನ್ನ ಕೋಣೆಯಲ್ಲಿ ಆಗಾಗ ನಡೆಯುವ ಒಂದು ದೃಶ್ಯ ಹೇಳುತ್ತೇನೆ. ಬಾಗಿಲು ತೆರೆದ ಕೂಡಲೇ, ಯಾರೂ ಕೂರುವ ಮೊದಲೇ, ದೊಡ್ಡ ಕವರ್ ನನ್ನ ಮೇಜಿನ ಮೇಲೆ ಬರುತ್ತದೆ. ಫಿಲ್ಮ್ ತೆಗೆದು ಬೆಳಕಿಗೆ ಹಿಡಿಯುತ್ತೇನೆ. ಸಾಲಾಗಿ ಕಪ್ಪು ಬಿಳುಪಿನ ಚಿಕ್ಕ ಚಿಕ್ಕ ಚಿತ್ರ, ಒಂದೊಂದೂ ಅಡಕೆ ಸೀಳಿದ ಹಾಗೆ. ಮನೆಯವರ ಕಣ್ಣೆಲ್ಲ ನನ್ನ ಮುಖದ ಮೇಲೆ. ಕಾಯಿಲೆಯವನು ಮಾತ್ರ ನೆಲ ನೋಡುತ್ತಿರುತ್ತಾನೆ. ‘ನಾರ್ಮಲ್ ಇದೆ’ ಅಂತ ನಾನು ಹೇಳಿದ ಕೂಡಲೇ ಮನೆಯವರು ಉಸಿರು ಬಿಡುತ್ತಾರೆ. ಅವನ ಮುಖ ಇನ್ನಷ್ಟು ಬಾಡುತ್ತದೆ. ಆ ಮಾತು ಅವನ ಕಿವಿಗೆ ‘ನೀನು ಸುಳ್ಳು ಹೇಳುತ್ತಿದ್ದೀಯ’ ಎಂದು ಕೇಳಿಸುತ್ತದೆ.

ಎಂಆರ್‌ಐ ಮಿಷಿನ್ ಅಂದರೆ ಒಂದು ದೈತ್ಯ ಅಯಸ್ಕಾಂತ. ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ ಶಕ್ತಿಯದು. ಭೂಮಿಯ ಅಯಸ್ಕಾಂತ ಶಕ್ತಿಗಿಂತ ಹತ್ತಾರು ಸಾವಿರ ಪಟ್ಟು ಜಾಸ್ತಿ. ನಮ್ಮ ಮಿದುಳಿನ ಬಹುಪಾಲು ನೀರು, ನೀರಲ್ಲಿ ಹೈಡ್ರೋಜನ್. ಆ ಹೈಡ್ರೋಜನ್ ಕಣಗಳನ್ನು ರೇಡಿಯೊ ಅಲೆಯಿಂದ ಅಲುಗಿಸಿ, ಅವು ಮತ್ತೆ ಸ್ಥಿರವಾಗುವಾಗ ಬರುವ ಸಂಕೇತದಿಂದ ಚಿತ್ರ ಬಿಡಿಸುತ್ತದೆ. ಆಕಾರಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಇಲ್ಲ. ಗಡ್ಡೆ, ರಕ್ತಸ್ರಾವ, ಸ್ಟ್ರೋಕ್, ಊತ, ಸವೆತ ಎಲ್ಲ ಕಾಣುತ್ತದೆ.

ಆದರೆ ಅದು ಕಾಣುವ ಅತಿ ಚಿಕ್ಕ ಚೌಕ ಸುಮಾರು ಒಂದು ಮಿಲಿಮೀಟರಿನದು. ಮಿದುಳಿನ ಹೊರಪದರದಲ್ಲಿ ಅಷ್ಟು ಜಾಗದೊಳಗೆ ಹತ್ತಾರು ಸಾವಿರ ನರಕೋಶಗಳಿವೆ, ಅವುಗಳ ನಡುವೆ ಕೋಟಿಗಟ್ಟಲೆ ಜೋಡಣೆಗಳಿವೆ. ಡಿಪ್ರೆಷನ್ನಿನಲ್ಲಿ ಏರುಪೇರಾಗುವುದು ಈ ಜೋಡಣೆಗಳ ಮಾತುಕತೆ. ತಂಬೂರಿಯ ಫೋಟೊ ತೋರಿಸಿ ‘ಇದು ಶ್ರುತಿಯಲ್ಲಿದೆಯಾ’ ಎಂದು ಕೇಳಿದರೆ ಏನು ಹೇಳುತ್ತೀರಿ? ತಂತಿ ಹರಿದಿದ್ದರೆ ಫೋಟೊದಲ್ಲಿ ಕಾಣುತ್ತದೆ. ಬುರುಡೆ ಒಡೆದಿದ್ದರೆ ಕಾಣುತ್ತದೆ. ತಂತಿ ಸಡಿಲವಾಗಿದ್ದರೆ ಕಾಣುವುದಿಲ್ಲ. ನಿಮ್ಮ ತಮ್ಮನ ಎಂಆರ್‌ಐ ಹೇಳಿದ್ದು ಇಷ್ಟೇ: ತಂತಿ ಹರಿದಿಲ್ಲ, ಬುರುಡೆ ಒಡೆದಿಲ್ಲ. ಶ್ರುತಿಯ ಬಗ್ಗೆ ಅದು ಬಾಯಿ ಬಿಟ್ಟಿಲ್ಲ.

ಅಪ್ಪನಿಗೆ ಹೇಳಲು ಇನ್ನೂ ಸುಲಭದ ಉದಾಹರಣೆ ಬೇಕಾ? ಮೈಗ್ರೇನ್ ತಲೆನೋವು ಇರುವವರ ಎಂಆರ್‌ಐ ಸಾಮಾನ್ಯವಾಗಿ ನಾರ್ಮಲ್ ಬರುತ್ತದೆ. ಮೂರ್ಛೆರೋಗ ಇರುವ ಎಷ್ಟೋ ಜನರದ್ದೂ ಅಷ್ಟೇ. ಅವರನ್ನು ಯಾರೂ ನಾಟಕದವರು ಅನ್ನುವುದಿಲ್ಲ, ಅಲ್ವಾ?

ಸಂಶೋಧನೆಯಲ್ಲಿ ಕಂಡಿದ್ದು, ಒಬ್ಬರಲ್ಲಿ ಕಾಣದಿರುವುದು

‘ಹಾಗಾದರೆ ಡಿಪ್ರೆಷನ್ ಇರುವವರ ಮಿದುಳಿನಲ್ಲಿ ವ್ಯತ್ಯಾಸ ಕಂಡಿದೆ ಅಂತ ಓದಿದ್ದೆಲ್ಲ ಸುಳ್ಳಾ?’ ಎಂದು ನೀವು ಕೇಳಬಹುದು. ಸುಳ್ಳಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಜನ ಎಡವುವುದು ಇಲ್ಲೇ.

ಸಿಟಿ ಸ್ಕ್ಯಾನ್ ಮೊದಲ ಬಾರಿಗೆ ರೋಗಿಯೊಬ್ಬರ ತಲೆ ನೋಡಿದ್ದು 1971ರಲ್ಲಿ, ಲಂಡನ್ನಿನಲ್ಲಿ. ಐದೇ ವರ್ಷದಲ್ಲಿ, 1976ರಲ್ಲಿ, ಈವ್ ಜಾನ್‌ಸ್ಟೋನ್, ಟಿಮ್ ಕ್ರೋ ಮತ್ತು ಸಂಗಡಿಗರು ಬಹುಕಾಲದ ಸ್ಕಿಜೋಫ್ರೀನಿಯಾ (ಇಲ್ಲದ ಧ್ವನಿ ಕೇಳಿಸುವ, ಭ್ರಮೆ ಕಾಡುವ ಮನೋರೋಗ) ಇದ್ದವರ ಮಿದುಳಿನಲ್ಲಿ ದ್ರವ ತುಂಬಿದ ಕುಹರಗಳು ದೊಡ್ಡದಾಗಿವೆ ಎಂದು ತೋರಿಸಿದರು. ದೊಡ್ಡ ಸುದ್ದಿಯಾಯಿತು. ಮನೋರೋಗಕ್ಕೆ ಮಿದುಳಿನಲ್ಲಿ ಗುರುತು ಸಿಕ್ಕಿತು, ಇನ್ನು ಪರೀಕ್ಷೆ ಬಂದಂತೆಯೇ ಎಂದು ಎಲ್ಲರೂ ಅಂದುಕೊಂಡರು. ಆ ವ್ಯತ್ಯಾಸ ನಿಜವೇ, ಆಮೇಲೆ ಬೇರೆಯವರೂ ಮತ್ತೆ ಮತ್ತೆ ಕಂಡರು. ಆದರೂ ಇವತ್ತಿಗೂ ಯಾವ ವೈದ್ಯರೂ ಕುಹರ ಅಳೆದು ಸ್ಕಿಜೋಫ್ರೀನಿಯಾ ಎಂದು ಬರೆಯುವುದಿಲ್ಲ. ಕುಹರ ದೊಡ್ಡದಿದ್ದೂ ಆರಾಮಾಗಿರುವವರಿದ್ದಾರೆ. ಕಾಯಿಲೆ ಇದ್ದೂ ಕುಹರ ಮಾಮೂಲಿ ಇರುವವರಿದ್ದಾರೆ.

ಡಿಪ್ರೆಷನ್ನಿನ ಲೆಕ್ಕ ಇನ್ನೂ ಸೂಕ್ಷ್ಮ. ಎನಿಗ್ಮಾ ಎಂಬ ಅಂತರರಾಷ್ಟ್ರೀಯ ತಂಡ 1,728 ಡಿಪ್ರೆಷನ್ ರೋಗಿಗಳ ಮತ್ತು 7,199 ಇತರರ ಎಂಆರ್‌ಐ ಒಟ್ಟುಗೂಡಿಸಿ ನೋಡಿತು. ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗ ರೋಗಿಗಳಲ್ಲಿ ಸ್ವಲ್ಪ ಚಿಕ್ಕದಿತ್ತು. ಎಷ್ಟು ಚಿಕ್ಕದು? ಸರಾಸರಿಯಲ್ಲಿ ನೂರಕ್ಕೆ ಒಂದರ ಆಸುಪಾಸು. ಎರಡು ಊರಿನ ಗಂಡಸರ ಸರಾಸರಿ ಎತ್ತರದಲ್ಲಿ ಒಂದು ಸೆಂಟಿಮೀಟರ್ ವ್ಯತ್ಯಾಸ ಇದೆ ಅಂದುಕೊಳ್ಳಿ. ಸಾವಿರಾರು ಜನರನ್ನು ಅಳೆದರೆ ಆ ವ್ಯತ್ಯಾಸ ಖಂಡಿತ ಸಿಗುತ್ತದೆ. ಆದರೆ ಎದುರು ಬಂದ ಒಬ್ಬನ ಎತ್ತರ ನೋಡಿ ಇವನು ಯಾವ ಊರಿನವನು ಎಂದು ಹೇಳಲು ಆಗುತ್ತದಾ? ಸಂಶೋಧನೆಯ ಚಿತ್ರ ಊರಿನದು. ನಿಮ್ಮ ಕೈಯಲ್ಲಿರುವುದು ಒಬ್ಬ ತಮ್ಮನ ಫಿಲ್ಮ್.

ಇನ್ನೊಂದು ತೊಡಕು ಡಿಪ್ರೆಷನ್ ಅನ್ನುವ ಹೆಸರಿನಲ್ಲೇ ಇದೆ. ನಾವು ಬಳಸುವ ಒಂದು ಪಟ್ಟಿಯಲ್ಲಿ ಒಂಬತ್ತು ಲಕ್ಷಣಗಳಿವೆ. ಬೇಸರ ಅಥವಾ ಆಸಕ್ತಿ ಹೋಗಿರುವುದು, ಎರಡರಲ್ಲಿ ಒಂದನ್ನಾದರೂ ಸೇರಿಸಿ, ಒಟ್ಟು ಐದು ಲಕ್ಷಣ ಎರಡು ವಾರ ಇದ್ದರೆ ಆ ಹೆಸರು. ಒಬ್ಬನಿಗೆ ನಿದ್ದೆಯೇ ಬರುವುದಿಲ್ಲ, ಇನ್ನೊಬ್ಬ ಹದಿನಾಲ್ಕು ಗಂಟೆ ಮಲಗುತ್ತಾನೆ. ಒಬ್ಬನಿಗೆ ಊಟ ಸೇರದು, ಇನ್ನೊಬ್ಬನ ತೂಕ ಏರುತ್ತದೆ. ಇಬ್ಬರಿಗೂ ಒಂದೇ ಹೆಸರು. ಒಂದೇ ಹೆಸರಿನ ಕೆಳಗೆ ಇಷ್ಟು ಬೇರೆ ಬೇರೆ ಸ್ಥಿತಿಗಳನ್ನು ಸೇರಿಸಿ, ಆಮೇಲೆ ಮಿದುಳಿನಲ್ಲಿ ಒಂದೇ ಮಚ್ಚೆ ಹುಡುಕಿದರೆ ಎಲ್ಲಿ ಸಿಗಬೇಕು? ಇದು ಮಿಷಿನ್ನಿನ ತಪ್ಪಲ್ಲ, ನಮ್ಮ ವರ್ಗೀಕರಣದ ತಪ್ಪು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಬಣ್ಣ ಎಲ್ಲಿಂದ ಬಂತು?

ವಿಡಿಯೊದಲ್ಲಿ ನೀವು ನೋಡಿದ ನೀಲಿ ಕೆಂಪು ಮಿದುಳಿನೊಳಗೆ ಇಲ್ಲ. ಅದು ಕಂಪ್ಯೂಟರ್ ಬಳಿದ ಬಣ್ಣ. ಎಷ್ಟರ ಮೇಲಿದ್ದರೆ ಕೆಂಪು, ಎಷ್ಟರ ಕೆಳಗಿದ್ದರೆ ನೀಲಿ ಎಂದು ಗೆರೆ ಎಳೆಯುವವರು ಮನುಷ್ಯರು. ಗೆರೆ ಸ್ವಲ್ಪ ಸರಿಸಿದರೆ ಅದೇ ಮಿದುಳು ಬೇರೆ ಬಣ್ಣ ತೊಡುತ್ತದೆ.

ಎಫ್‌ಎಂಆರ್‌ಐ ಎಂಬ ಪರೀಕ್ಷೆ ತೆಗೆದುಕೊಳ್ಳಿ. ‘ಯೋಚಿಸುವಾಗ ಮಿದುಳು ಹೊತ್ತಿಕೊಳ್ಳುತ್ತದೆ’ ಎಂದು ಪತ್ರಿಕೆಗಳು ಬರೆಯುವುದು ಇದರ ಬಗ್ಗೆ. ಇದರ ತಳಪಾಯ ಹಾಕಿದ್ದು 1990ರಲ್ಲಿ ಸೈಜಿ ಒಗಾವ. ನರಕೋಶ ಕೆಲಸ ಮಾಡಿದ ಕಡೆ ಆಮ್ಲಜನಕ ಹೊತ್ತ ರಕ್ತ ಜಾಸ್ತಿ ಹರಿಯುತ್ತದೆ. ಆ ರಕ್ತ ಅಯಸ್ಕಾಂತದಲ್ಲಿ ತುಸು ಬೇರೆ ಥರ ವರ್ತಿಸುತ್ತದೆ. ಮಿಷಿನ್ ಅಳೆಯುವುದು ಆ ವ್ಯತ್ಯಾಸವನ್ನು. ಅದು ಹೆಚ್ಚೆಂದರೆ ನೂರಕ್ಕೆ ಕೆಲವು ಪಾಲು, ಅದೂ ನರಕೋಶ ಕೆಲಸ ಮಾಡಿದ ಐದಾರು ಸೆಕೆಂಡ್ ಆದಮೇಲೆ. ಯೋಚನೆಯನ್ನಂತೂ ಅದು ನೋಡುವುದಿಲ್ಲ. ಯೋಚನೆ ಹೋದ ದಾರಿಯಲ್ಲಿ ಎದ್ದ ಧೂಳು ನೋಡುತ್ತದೆ ಅನ್ನಬಹುದು.

ಇಂಥ ಚಿತ್ರದಲ್ಲಿ ಲಕ್ಷಗಟ್ಟಲೆ ಚುಕ್ಕಿಗಳಿರುತ್ತವೆ. ಅಷ್ಟನ್ನೂ ಒಂದೊಂದಾಗಿ ಪರೀಕ್ಷಿಸಿದರೆ ಕೆಲವು ಆಕಸ್ಮಿಕವಾಗಿ ‘ಹೊತ್ತಿಕೊಂಡಂತೆ’ ಕಂಡೇ ಕಾಣುತ್ತವೆ. ಇದನ್ನು ತೋರಿಸಲು ಕ್ರೇಗ್ ಬೆನೆಟ್ ಮತ್ತು ಸಂಗಡಿಗರು 2009ರಲ್ಲಿ ಒಂದು ತಮಾಷೆ ಮಾಡಿದರು. ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರಿನೊಳಗೆ ಮಲಗಿಸಿ, ಮನುಷ್ಯರ ಫೋಟೊ ತೋರಿಸಿ, ‘ಇವರ ಮನಸ್ಸಿನಲ್ಲಿ ಯಾವ ಭಾವ ಇದೆ’ ಎಂದು ಆ ಮೀನನ್ನು ಕೇಳಿದರು! ಲೆಕ್ಕದಲ್ಲಿ ಮಾಡಬೇಕಾದ ತಿದ್ದುಪಡಿ ಮಾಡದೆ ನೋಡಿದಾಗ ಸತ್ತ ಮೀನಿನ ಮಿದುಳಲ್ಲೂ ಒಂದೆರಡು ಕಡೆ ಕೆಂಪು ಚುಕ್ಕಿ ಎದ್ದಿತ್ತು. ತಿದ್ದುಪಡಿ ಮಾಡಿದಾಗ ಹೋಯಿತು. ಈ ಕೆಲಸಕ್ಕೆ 2012ರಲ್ಲಿ ಇಗ್‌ನೊಬೆಲ್ ಎಂಬ ಚೇಷ್ಟೆಯ ಬಹುಮಾನವೂ ಸಿಕ್ಕಿತು. 2020ರಲ್ಲಿ ಇನ್ನೊಂದು ಗಂಭೀರ ಪರೀಕ್ಷೆ ನಡೆಯಿತು. ಒಂದೇ ಎಫ್‌ಎಂಆರ್‌ಐ ಮಾಹಿತಿಯನ್ನು 70 ತಂಡಗಳ ಕೈಗೆ ಕೊಟ್ಟು, ಒಂದೇ 9 ಪ್ರಶ್ನೆ ಕೇಳಿದರು. ಯಾವ ಎರಡು ತಂಡವೂ ಒಂದೇ ದಾರಿಯಲ್ಲಿ ಲೆಕ್ಕ ಮಾಡಿರಲಿಲ್ಲ. ಹಲವು ಪ್ರಶ್ನೆಗಳಿಗೆ ಉತ್ತರವೂ ಬೇರೆ ಬೇರೆ ಬಂತು.

ಇದರರ್ಥ ಎಫ್‌ಎಂಆರ್‌ಐ ಸುಳ್ಳು ಅಂತಲ್ಲ. ನೂರಾರು ಜನರ ಮೇಲೆ, ಎಚ್ಚರದಿಂದ ಮಾಡಿದಾಗ ಅದು ಬಹಳ ಕಲಿಸಿದೆ. ಒಬ್ಬ ರೋಗಿಗೆ ಚೀಟಿ ಬರೆಯುವ ಸಾಧನವಾಗಿ ಅದು ಇನ್ನೂ ಮಾಗಿಲ್ಲ, ಅಷ್ಟೇ.

ಈಗ ನಿಮ್ಮ ವಿಡಿಯೊ. ರೋಗಿಗಳಿಗೆ ಮಾರುವ ಬಣ್ಣದ ಸ್ಕ್ಯಾನ್ ಹೆಚ್ಚಾಗಿ ಸ್ಪೆಕ್ಟ್ ಎಂಬುದು. ವಿಕಿರಣ ಸೂಸುವ ಔಷಧವನ್ನು ರಕ್ತನಾಳಕ್ಕೆ ಕೊಟ್ಟು ಮಿದುಳಿನಲ್ಲಿ ರಕ್ತ ಎಲ್ಲೆಲ್ಲಿ ಎಷ್ಟು ಹರಿಯಿತು ಎಂದು ನೋಡುತ್ತಾರೆ. ಹಿಂದಿನ ರಾತ್ರಿಯ ನಿದ್ದೆಗೇಡು, ಬೆಳಿಗ್ಗೆ ಕುಡಿದ ಕಾಫಿ, ನುಂಗುತ್ತಿರುವ ಮಾತ್ರೆ, ಆ ಕ್ಷಣದ ಗಾಬರಿ, ಎಲ್ಲವೂ ರಕ್ತದ ಹರಿವನ್ನು ಬದಲಿಸುತ್ತವೆ. ಮೂರು ಗಂಟೆಗೆ ಎದ್ದು ಕೂರುವ ನಿಮ್ಮ ತಮ್ಮನ ಚಿತ್ರದಲ್ಲಿ ಎಲ್ಲೋ ಒಂದು ಕಡೆ ನೀಲಿ ಬಂದರೆ ಅದು ಡಿಪ್ರೆಷನ್ನಿನದ್ದೋ, ನಿದ್ದೆಗೆಟ್ಟದ್ದರದ್ದೋ? ಚಿತ್ರ ಹೇಳುವುದಿಲ್ಲ. ನೋಡಿದವರು ತಮಗೆ ಗೊತ್ತಿದ್ದ ಕಥೆಯನ್ನೇ ಅದರಲ್ಲಿ ಓದುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ ನೇಮಿಸಿದ ತಜ್ಞರು 2012ರಲ್ಲೂ 2018ರಲ್ಲೂ ಈ ವಿಷಯ ಕೂಲಂಕಷವಾಗಿ ನೋಡಿದರು. ಮನೋರೋಗವನ್ನು ಗುರುತಿಸಲು ಕ್ಲಿನಿಕ್ಕಿನಲ್ಲಿ ಬಳಸಬಹುದಾದ ಸ್ಕ್ಯಾನ್ ಇನ್ನೂ ಇಲ್ಲ ಎಂದೇ ಹೇಳಿದರು.

ವಿಕಿರಣದ ಮಾತೂ ಬೇಕು. ಎಂಆರ್‌ಐನಲ್ಲಿ ವಿಕಿರಣ ಇಲ್ಲ. ತಲೆಯ ಸಿಟಿ ಸ್ಕ್ಯಾನಿಗೆ ಸುಮಾರು 2 ಮಿಲಿಸೀವರ್ಟ್ (ವಿಕಿರಣ ಅಳೆಯುವ ಮಾನ). ನಾವೆಲ್ಲ ಒಂದು ವರ್ಷದಲ್ಲಿ ಪ್ರಕೃತಿಯಿಂದ ಪಡೆಯುವುದು ಜಗತ್ತಿನ ಸರಾಸರಿಯಲ್ಲಿ 2.4. ಸ್ಪೆಕ್ಟ್‌ನಲ್ಲೂ, ಅದೇ ಥರ ವಿಕಿರಣದ ಔಷಧ ಕೊಟ್ಟು ಮಾಡುವ ಪೆಟ್ ಸ್ಕ್ಯಾನಿನಲ್ಲೂ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ. ಬೇಕಾದ ಕಾರಣಕ್ಕೆ ಮಾಡಿಸಿದರೆ ಹೆದರುವಷ್ಟೇನಲ್ಲ. ಸುಮ್ನೆ ಯಾಕೆ ತಗೋಬೇಕು ಅನ್ನುವುದು ಪ್ರಶ್ನೆ. ನನಗೆ ಇದಕ್ಕಿಂತ ದೊಡ್ಡ ಚಿಂತೆ ಬೇರೆ. ‘ನಿಮ್ಮ ಮುಂಭಾಗದ ಮಿದುಳು ಮಂಕಾಗಿದೆ’ ಎಂದು ಬಣ್ಣದ ಕಾಗದ ಕೈಗಿಟ್ಟರೆ, 26ರ ಹುಡುಗ ಅದನ್ನು ಜೀವನಪೂರ್ತಿ ಹೊತ್ತು ತಿರುಗುತ್ತಾನೆ. ಅಷ್ಟರಲ್ಲಿ ಸರಿಯಾದ ಚಿಕಿತ್ಸೆ ಇನ್ನೂ ಎರಡು ತಿಂಗಳು ಮುಂದೆ ಹೋಗಿರುತ್ತದೆ.

ಆ 6 ಮಿಲಿಮೀಟರ್

ಸಿಸ್ಟ್ ವಿಷಯ ಬೇಗ ಮುಗಿಸುತ್ತೇನೆ, ಅದರಲ್ಲಿ ಹೆಚ್ಚೇನೂ ಇಲ್ಲ. ಪೀನಿಯಲ್ ಎಂಬುದು ಮಿದುಳಿನ ನಡುಮಧ್ಯದ ಕಾಳಿನಷ್ಟು ಚಿಕ್ಕ ಗ್ರಂಥಿ. ನಿದ್ದೆಯ ಲಯಕ್ಕೆ ಬೇಕಾದ ಮೆಲಟೋನಿನ್ ಸುರಿಸುತ್ತದೆ. (17ನೇ ಶತಮಾನದಲ್ಲಿ ದೆಕಾರ್ತ್ ಎಂಬ ತತ್ವಜ್ಞಾನಿ ಆತ್ಮದ ಗದ್ದುಗೆ ಇದೇ ಎಂದಿದ್ದ. ಪಾಪ, ಅಂದಿನಿಂದ ಈ ಗ್ರಂಥಿಗೆ ನೆಮ್ಮದಿ ಇಲ್ಲ.) ಅದರಲ್ಲಿ ಚಿಕ್ಕ ನೀರುಗುಳ್ಳೆ ಇರುವುದು ಸಾಮಾನ್ಯ, ಅದರಲ್ಲೂ ಯುವಕ ಯುವತಿಯರಲ್ಲಿ. ಗುಳ್ಳೆ ದೊಡ್ಡದಾಗಿ, ಸಾಮಾನ್ಯವಾಗಿ ಒಂದು ಸೆಂಟಿಮೀಟರ್ ದಾಟಿ, ಪಕ್ಕದ ದ್ರವನಾಳವನ್ನು ಒತ್ತಿದರೆ ಮಾತ್ರ ಯೋಚಿಸಬೇಕು. ಆಗ ತಲೆನೋವು, ವಾಂತಿ, ಕಣ್ಣನ್ನು ಮೇಲಕ್ಕೆ ಎತ್ತಲಾಗದಿರುವುದು ಇರುತ್ತದೆ. ನೀವು ಅಂಥದ್ದೇನೂ ಬರೆದಿಲ್ಲ. 6 ಮಿ.ಮೀ. ಗುಳ್ಳೆಯಿಂದ ಯಾರೂ ಸ್ನಾನ ಬಿಡುವುದಿಲ್ಲ. ರಿಪೋರ್ಟ್ ಬರೆದ ರೇಡಿಯಾಲಜಿಸ್ಟ್ ಕಂಡದ್ದನ್ನು ಬರೆಯಲೇಬೇಕು, ಬರೆದಿದ್ದಾರೆ.

ಹುಡುಕಿದರೆ ಏನಾದರೂ ಸಿಗುತ್ತದೆ ಅನ್ನುವುದು ಸ್ಕ್ಯಾನಿನ ಮಟ್ಟಿಗೆ ಅಕ್ಷರಶಃ ನಿಜ. ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನಲ್ಲಿ ಜನಸಾಮಾನ್ಯರಲ್ಲೇ 2,000 ಜನರ ಮಿದುಳನ್ನು ಎಂಆರ್‌ಐ ಮಾಡಿ 2007ರಲ್ಲಿ ವರದಿ ಕೊಟ್ಟರು. ಅವರು ಮಧ್ಯವಯಸ್ಸು ದಾಟಿದವರು. ನೂರಕ್ಕೆ ಸುಮಾರು 7 ಜನರಲ್ಲಿ ಅವರಿಗೇ ಗೊತ್ತಿಲ್ಲದ ಹಳೇ ಸ್ಟ್ರೋಕಿನ ಗುರುತು ಇತ್ತು. 1.8 ಜನರಲ್ಲಿ ರಕ್ತನಾಳದ ಉಬ್ಬು, 1.6 ಜನರಲ್ಲಿ ಅಪಾಯವಿಲ್ಲದ ಗಡ್ಡೆ. ಕಾರಣವಿಲ್ಲದೆ ಮಾಡಿಸುವ ಸ್ಕ್ಯಾನಿನ ನಿಜವಾದ ಅಪಾಯ ಇದು. ಕಾಯಿಲೆಗೆ ಸಂಬಂಧವೇ ಇಲ್ಲದ ಒಂದು ಸಾಲು ರಿಪೋರ್ಟಿಗೆ ಬರುತ್ತದೆ, ಆಮೇಲೆ ಮನೆಮಂದಿಯೆಲ್ಲ ಆ ಸಾಲಿನ ಹಿಂದೆ ಓಡುತ್ತಾರೆ.

ಸ್ಕ್ಯಾನ್ ಬೇಕೇ ಬೇಕಾದಾಗ

ಇಷ್ಟೆಲ್ಲ ಹೇಳಿದ ನಾನೇ ಸ್ಕ್ಯಾನ್ ಬರೆಯುವುದುಂಟು. ಆಗ ನನ್ನ ಪ್ರಶ್ನೆ ‘ಇದು ಯಾವ ಮನೋರೋಗ?’ ಅಂತ ಇರುವುದಿಲ್ಲ. ‘ಇದು ಮನೋರೋಗದ ವೇಷ ಹಾಕಿದ ಬೇರೇನಾದರೂ ಇರಬಹುದಾ?’ ಅಂತ ಇರುತ್ತದೆ. ಆ ಪ್ರಶ್ನೆಗೆ ಸ್ಕ್ಯಾನ್ ಚೆನ್ನಾಗಿ ಉತ್ತರ ಕೊಡುತ್ತದೆ.

ಐವತ್ತೇಳರ ಒಬ್ಬರು ನನಗೆ ಮರೆಯುವುದಿಲ್ಲ. ಒಂದು ವರ್ಷದಿಂದ ಮಾತು ಕಡಿಮೆ, ಮನೆಗೆಲಸ ಬಿಟ್ಟಿದ್ದರು, ಕೂತಲ್ಲೇ ಕೂತಿರುತ್ತಿದ್ದರು. ಡಿಪ್ರೆಷನ್ ಎಂದು ಎರಡು ಥರದ ಮಾತ್ರೆ ಆಗಿತ್ತು. ‘ಬೇಜಾರಾ ಅಮ್ಮ?’ ಎಂದು ಕೇಳಿದೆ. ‘ಇಲ್ವಲ್ಲ’ ಎಂದು ನಕ್ಕರು. ನಿಜವಾಗಿಯೂ ಬೇಜಾರಿರಲಿಲ್ಲ. ಮಾತಾಡುತ್ತಿರುವಾಗಲೇ ಕುರ್ಚಿಯಲ್ಲಿ ಮೂತ್ರ ಹೋಯಿತು. ಮಗಳು ಗಾಬರಿಯಿಂದ ಎದ್ದಳು. ಅವರು ಮಾತ್ರ ಕಿಟಕಿ ನೋಡುತ್ತಾ ಹಾಗೇ ಕೂತಿದ್ದರು. ನಾಚಿಕೆ ಇಲ್ಲ, ಸಂಕಟ ಇಲ್ಲ. ಡಿಪ್ರೆಷನ್ನಿನಲ್ಲಿ ನೋವಿರುತ್ತದೆ. ಇವರಲ್ಲಿ ನೋವೇ ಇರಲಿಲ್ಲ. ಸ್ಕ್ಯಾನಿನಲ್ಲಿ ಮಿದುಳಿನ ಮುಂಭಾಗವನ್ನು ಒತ್ತುತ್ತಿದ್ದ ನಿಂಬೆಹಣ್ಣಿನ ಗಾತ್ರದ ಗಡ್ಡೆ. ಕ್ಯಾನ್ಸರ್ ಅಲ್ಲ, ಮಿದುಳಿನ ಹೊದಿಕೆಯಲ್ಲಿ ನಿಧಾನವಾಗಿ ಬೆಳೆದದ್ದು. ಆಪರೇಷನ್ ಆಯಿತು. ಕೆಲವು ತಿಂಗಳ ನಂತರ ಬಂದಾಗ ಅವರು ಮೊದಲು ಕೇಳಿದ್ದು, ‘ಅವತ್ತು ನಿಮ್ಮ ಕುರ್ಚಿ ಹಾಳು ಮಾಡಿದೆನಂತೆ?’ ನಾಚಿಕೆ ವಾಪಸ್ ಬಂದಿತ್ತು.

ಇಂಥದ್ದು ಅಪರೂಪ. ಆದರೆ ಕೆಲವು ಸೂಚನೆ ಕಂಡರೆ ನಾನು ತಡಮಾಡುವುದಿಲ್ಲ. ಮೊದಲ ಬಾರಿ ಮನಸ್ಸಿನ ತೊಂದರೆ ಬಂದದ್ದೇ ಐವತ್ತರ ಆಚೆ. ಸ್ವಭಾವವೇ ಬದಲಾಗಿರುವುದು: ಸಭ್ಯರಾಗಿದ್ದವರು ನಾಲ್ಕು ಜನರ ಮುಂದೆ ಅಸಭ್ಯವಾಗಿ ನಡೆದುಕೊಳ್ಳುವುದು, ಮನೆಯವರ ದುಃಖ ತಟ್ಟದಿರುವುದು. (ಮಿದುಳಿನ ಮುಂಭಾಗ ಸವೆಯುವ ಒಂದು ಥರದ ಡಿಮೆನ್ಷಿಯಾ 45ರಿಂದ 65ರೊಳಗೇ ಹೀಗೆ ಶುರುವಾಗುವುದುಂಟು.) ಜೊತೆಗೆ ಫಿಟ್ಸ್, ಒಂದು ಕೈ ಅಥವಾ ಕಾಲಿನ ಬಲಹೀನತೆ, ಹೊಸ ಥರದ ತಲೆನೋವು, ವಾಂತಿ, ತಲೆಗೆ ಪೆಟ್ಟು. ದಿನದೊಳಗೇ ಒಮ್ಮೆ ಚುರುಕು, ಒಮ್ಮೆ ಪೂರ್ತಿ ಗೊಂದಲ. ಯಾರೂ ಇಲ್ಲದಿದ್ದರೂ ಧ್ವನಿ ಕೇಳಿಸುವುದು, ಅನುಮಾನದ ಭ್ರಮೆ ಮೊದಲ ಬಾರಿ ಬಂದಾಗಲೂ ಅನೇಕರು ಎಂಆರ್‌ಐ ಮಾಡಿಸುತ್ತಾರೆ. ಅಂಥವರಲ್ಲಿ ನೂರಕ್ಕೆ ಸುಮಾರು ಆರು ಜನರಲ್ಲಿ ಗಮನಿಸಲೇಬೇಕಾದ್ದೇನೋ ಸಿಗುತ್ತದೆ.

ಅಲ್ಲೂ ನಾರ್ಮಲ್ ಸ್ಕ್ಯಾನ್ ಕೊನೆಯ ಮಾತಲ್ಲ. ಹೋಸೆಪ್ ದಲ್ಮೌ ಮತ್ತು ಸಂಗಡಿಗರು 2007ರಲ್ಲಿ ವಿವರಿಸಿದ ಒಂದು ಕಾಯಿಲೆ ಇದೆ. ದೇಹದ ರೋಗನಿರೋಧಕ ಶಕ್ತಿ ಮಿದುಳಿನ ಎನ್‌ಎಂಡಿಎ ಗ್ರಾಹಕಗಳ (ನರಕೋಶಗಳು ಸಂಕೇತ ಹಿಡಿಯುವ ಜಾಗಗಳ) ಮೇಲೆ ತಿರುಗಿಬೀಳುತ್ತದೆ. ಹೆಚ್ಚಾಗಿ ಯುವತಿಯರು. ಕೆಲವೇ ದಿನಗಳಲ್ಲಿ ಹುಚ್ಚು ಹಿಡಿದಂತೆ ಆಗುತ್ತದೆ, ಆಮೇಲೆ ಫಿಟ್ಸ್ ಬರುತ್ತದೆ. ಎಂಆರ್‌ಐ ಎಷ್ಟೋ ಸಲ ನಾರ್ಮಲ್. ಗುಟ್ಟು ಸಿಗುವುದು ಬೆನ್ನುಹುರಿಯ ನೀರಿನ ಪರೀಕ್ಷೆಯಲ್ಲಿ.

ನಿಮ್ಮ ತಮ್ಮನಲ್ಲಿ ಇಂಥ ಯಾವ ಸೂಚನೆಯೂ ನನಗೆ ಕಾಣುತ್ತಿಲ್ಲ. ಸ್ಕ್ಯಾನ್ ಬೇಡ ಎಂದ ವೈದ್ಯರು ಸರಿಯಾಗಿಯೇ ಹೇಳಿದ್ದಾರೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಸಕ್ಕರೆ ನೋಡಿಲ್ಲದಿದ್ದರೆ ಒಮ್ಮೆ ನೋಡಿಸಿ. ಥೈರಾಯ್ಡ್ ಕಡಿಮೆಯಾದರೂ ಮನುಷ್ಯ ಹೀಗೇ ಮಂಕಾಗುತ್ತಾನೆ, ಅದನ್ನು ತಿಳಿಯಲು ಒಂದು ರಕ್ತಪರೀಕ್ಷೆ ಸಾಕು.

ಮುಂದೆ ಸ್ಕ್ಯಾನುಗಳು ನಮ್ಮ ಕೆಲಸಕ್ಕೆ ಬರಬಹುದು, ಒಂದು ಕಡೆ ಆಗಲೇ ಬಂದಿವೆ. ಮಾತ್ರೆಗೆ ಬಗ್ಗದ ಡಿಪ್ರೆಷನ್ನಿಗೆ ತಲೆಯ ಹೊರಗಿನಿಂದ ಅಯಸ್ಕಾಂತದ ಮಿಡಿತ ಕೊಡುವ ಟಿಎಂಎಸ್ ಚಿಕಿತ್ಸೆಗೆ ಅಮೆರಿಕದಲ್ಲಿ 2008ರಲ್ಲಿ ಅನುಮತಿ ಸಿಕ್ಕಿತು. ಎಫ್‌ಎಂಆರ್‌ಐ ನೋಡಿ ಮಿಡಿತ ಕೊಡುವ ಜಾಗ ಗೊತ್ತುಮಾಡುವ ಹೊಸ ವಿಧಾನಕ್ಕೆ 2022ರಲ್ಲಿ ಸಿಕ್ಕಿತು. ಹೆಲೆನ್ ಮೇಬರ್ಗ್ ತಂಡ 2013ರಲ್ಲಿ ಪೆಟ್ ಸ್ಕ್ಯಾನಿನಿಂದ ಇನ್ಸುಲಾ ಎಂಬ ಭಾಗದ ಚಟುವಟಿಕೆ ನೋಡಿ, ಯಾರಿಗೆ ಮಾತ್ರೆ, ಯಾರಿಗೆ ಮಾತಿನ ಚಿಕಿತ್ಸೆ ಹೊಂದುತ್ತದೆ ಎಂದು ಊಹಿಸಬಹುದೇನೋ ಎಂದು ತೋರಿಸಿತು. ಆಸೆ ಹುಟ್ಟಿಸುವ ಕೆಲಸ, ಆದರೆ ಬಹಳ ಕಡಿಮೆ ಜನರ ಮೇಲೆ ಮಾಡಿದ್ದು. ಮಾರುವವರು ಇಂಥದ್ದರ ತುಣುಕು ಹಿಡಿದೇ ವಿಡಿಯೊ ಮಾಡುತ್ತಾರೆ. ಯಾರಾದರೂ ಸಂಶೋಧನೆಗೆಂದು ತಮ್ಮನನ್ನು ಕರೆದರೆ, ಅವನಿಗೆ ಇಷ್ಟವಿದ್ದರೆ ಹೋಗಲಿ. ಅಲ್ಲಿಂದ ಅವನ ಚಿಕಿತ್ಸೆಗೆ ಉತ್ತರ ಸಿಗುತ್ತದೆ ಅಂತ ಮಾತ್ರ ಕಾಯಬೇಡಿ.

ಅಪ್ಪನ ಮುಂದೆ ಏನಿಡುವುದು?

ನಿಮಗೆ ಫೋಟೊ ಯಾಕೆ ಬೇಕು ಅಂತ ಅರ್ಥವಾಗುತ್ತದೆ. ಆದರೆ ಫೋಟೊ ಸಿಕ್ಕರೂ ಅದು ನೀವಂದುಕೊಂಡ ಕೆಲಸ ಪೂರ್ತಿ ಮಾಡುವುದಿಲ್ಲ. ಮನೋರೋಗವನ್ನು ಬರೀ ಮಿದುಳಿನ ದೋಷ ಎಂದು ವಿವರಿಸಿದಾಗ ಜನ ರೋಗಿಯನ್ನು ದೂರುವುದು ಸ್ವಲ್ಪ ಕಡಿಮೆ ಮಾಡುತ್ತಾರೆ. ಅದರ ಜೊತೆಗೇ ‘ಇದು ಇನ್ನು ವಾಸಿಯಾಗಲ್ಲ’ ಅನ್ನುವ ನಿರಾಸೆ ಹೆಚ್ಚುತ್ತದೆ. ಈ ವಿಷಯದ ಹಲವು ಅಧ್ಯಯನಗಳು ಹೀಗೇ ಹೇಳಿವೆ, ನನ್ನ ಅನುಭವವೂ ಅದೇ. ‘ನಾಟಕ ಮಾಡ್ತಿದ್ದಾನೆ’ ಅನ್ನುತ್ತಿದ್ದ ಅಪ್ಪ ‘ಇವನ ತಲೆಯೇ ಕೆಟ್ಟಿದೆ’ ಅನ್ನಲು ಶುರುಮಾಡಿದರೆ ತಮ್ಮನಿಗೆ ಅದೇನು ಲಾಭ?

ಇನ್ನೊಂದು ಮಾತು. ಬೇಡ ಅಂದರೂ ಹಟ ಹಿಡಿದು ಸ್ಕ್ಯಾನ್ ಮಾಡಿಸಿದವರು ಅದೇ ಅಪ್ಪ. ಮಗನಿಗೆ ಏನೂ ಇಲ್ಲ ಅಂತ ಅವರು ಆಗಲೇ ನಂಬಿದ್ದರೆ ಯಾಕೆ ಮಾಡಿಸುತ್ತಿದ್ದರು? ಅವರಿಗೆ ಹೆದರಿಕೆ. ಕಣ್ಣಿಗೆ ಕಾಣುವ, ಕತ್ತರಿಸಿ ತೆಗೆಯಬಹುದಾದ ಏನೋ ಒಂದು ಸಿಗಲಿ ಅಂತ ಆಸೆಪಟ್ಟರು. ಸಿಗಲಿಲ್ಲ. ಆ ಹೆದರಿಕೆ ಈಗ ಸಿಟ್ಟಾಗಿ ಬರುತ್ತಿದೆ. ಅವರ ಜೊತೆ ವಾದ ಮಾಡುವ ಬದಲು ಮುಂದಿನ ಭೇಟಿಗೆ ಅವರನ್ನೂ ಕರೆದುಕೊಂಡು ಹೋಗಿ. ‘ಎಂಆರ್‌ಐ ನಾರ್ಮಲ್ ಬರುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?’ ಎಂದು ಅವರೇ ವೈದ್ಯರನ್ನು ಕೇಳಲಿ. ‘ಹೌದು, ಹಾಗೇ ಬರುತ್ತೆ ಅಂದುಕೊಂಡಿದ್ದೆ’ ಅನ್ನುವ ಉತ್ತರವನ್ನು ಅವರ ಕಿವಿಯಾರೆ ಕೇಳಬೇಕು.

ಸಾಕ್ಷಿಯೇ ಬೇಕು ಅಂದರೆ ಒಂದು ನೋಟ್‌ಬುಕ್ ಇಡಿ. ಎಷ್ಟು ಗಂಟೆಗೆ ಎದ್ದ, ಎಷ್ಟು ತಿಂದ, ಸ್ನಾನ ಮಾಡಿದನಾ, ಯಾರ ಜೊತೆಯಾದರೂ ಮಾತಾಡಿದನಾ. ದಿನಕ್ಕೆ ಒಂದು ಸಾಲು. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆ ಇದೆ, ಅಂಕ 0ಯಿಂದ 27. ವೈದ್ಯರ ಹತ್ತಿರ ಕೇಳಿ ತಗೊಂಡು, ತಮ್ಮ ಒಪ್ಪಿದರೆ ಎರಡು ವಾರಕ್ಕೊಮ್ಮೆ ತುಂಬಿಸಿ. ಚಿಕಿತ್ಸೆ ಮತ್ತೆ ಶುರುವಾದ ಮೇಲೆ ನಾಲ್ಕಾರು ವಾರದಲ್ಲಿ ಅಂಕ ಇಳಿಯುತ್ತದೋ ಇಲ್ಲವೋ ಅಪ್ಪನೇ ನೋಡಲಿ. ಇಳಿಯದಿದ್ದರೆ ಡೋಸ್ ಬದಲಿಸಬಹುದು, ಮಾತ್ರೆ ಬದಲಿಸಬಹುದು, ಮಾತಿನ ಚಿಕಿತ್ಸೆ ಸೇರಿಸಬಹುದು. ಮೊದಲ ಮಾತ್ರೆಯೇ ಹಿಡಿಸಬೇಕು ಅಂತೇನಿಲ್ಲ. ಶುರುವಿನ ವಾರಗಳಲ್ಲಿ ಚಡಪಡಿಕೆ ಜಾಸ್ತಿಯಾದರೆ ಕಾಯಬೇಡಿ, ಫೋನ್ ಮಾಡಿ. ಮತ್ತೆ ಏಕಾಏಕಿ ನಿಲ್ಲಿಸಬೇಡಿ. ತಲೆಸುತ್ತು, ಮೈಯಲ್ಲಿ ಕರೆಂಟ್ ಹೊಡೆದ ಹಾಗಾಗುವುದು, ಸಿಡುಕು, ಎಲ್ಲ ಬರಬಹುದು.

ಮಿಷಿನ್ನಿನಲ್ಲಿ ಮನಸ್ಸನ್ನು ಹುಡುಕುವ ಆಸೆ ಹಳೆಯದು. ಮನುಷ್ಯನ ಮಿದುಳಿನ ವಿದ್ಯುತ್ ಅಲೆಯನ್ನು ಮೊದಲು ದಾಖಲಿಸಿದ ಹಾನ್ಸ್ ಬರ್ಗರ್ ಒಬ್ಬ ಮನೋವೈದ್ಯ. ಯೌವನದಲ್ಲಿ ಸೈನ್ಯದಲ್ಲಿದ್ದಾಗ ಕುದುರೆಯಿಂದ ಬಿದ್ದು ಸಾವಿನ ಬಾಯಿಂದ ಪಾರಾದ. ಅದೇ ದಿನ ದೂರದ ಊರಿನಲ್ಲಿದ್ದ ಅವನ ಸಹೋದರಿಗೆ ಏನೋ ಕೆಟ್ಟದಾಗಿದೆ ಅನ್ನಿಸಿ, ಅಪ್ಪನಿಂದ ಟೆಲಿಗ್ರಾಂ ಕಳಿಸಿದಳು. ಮನಸ್ಸಿನಿಂದ ಮನಸ್ಸಿಗೆ ಏನೋ ಹರಿಯುತ್ತದೆ ಎಂದು ನಂಬಿ ಅದನ್ನು ಅಳೆಯಲು ಹೊರಟ. 1924ರಲ್ಲಿ ಅಲೆ ಸಿಕ್ಕಿತು, 1929ರಲ್ಲಿ ಪ್ರಕಟಿಸಿದ. ಅವನು ಹುಡುಕಿದ್ದು ಅದರಲ್ಲಿ ಸಿಗಲಿಲ್ಲ. ಆ ಅಲೆಯ ದಾಖಲೆಯೇ ಇಇಜಿ, ಇವತ್ತು ಮೂರ್ಛೆರೋಗ ಹಿಡಿಯಲು ನಮ್ಮ ಕೈಯಾಸರೆ.

ಅಕ್ಕನಾದ ನೀವು ಬರೆದ ಒಂದು ವಾಕ್ಯ, ಬೆಳಗಿನ ಜಾವ ಮೂರಕ್ಕೆ ಎದ್ದು ಗೋಡೆ ನೋಡುತ್ತಾನೆ ಅನ್ನುವುದು, ನನಗೆ ಆ ಫಿಲ್ಮಿಗಿಂತ ಜಾಸ್ತಿ ಹೇಳಿತು. ಹೊತ್ತಿಗೆ ಮುಂಚೆ ಎಚ್ಚರವಾಗುವುದು ಗಾಢವಾದ ಡಿಪ್ರೆಷನ್ನಿನ ಹಳೇ ಗುರುತು. ಇದರ ಜೊತೆ ಇನ್ನೊಂದು ವಿಷಯ ನೆನಪು ಮಾಡಿಕೊಂಡು ಹೋಗಿ: ಈ ಹಿಂದೆ ಯಾವಾಗಲಾದರೂ ನಾಲ್ಕೈದು ದಿನ ನಿದ್ದೆಯೇ ಬೇಡ ಅನ್ನುವಷ್ಟು ಹುರುಪು, ವಿಪರೀತ ಮಾತು, ಕೈಮೀರಿದ ಖರ್ಚು, ದೊಡ್ಡ ದೊಡ್ಡ ಯೋಜನೆ ಇತ್ತಾ? ಇದ್ದರೆ ಅದು ಬೈಪೋಲಾರ್ (ವಿಪರೀತ ಹುರುಪು, ಕುಗ್ಗುವಿಕೆ ಎರಡೂ ಬಂದು ಹೋಗುವ ಕಾಯಿಲೆ) ಇರಬಹುದು, ಆಗ ಮಾತ್ರೆಯ ಲೆಕ್ಕವೇ ಬೇರೆ. ಯಾವ ಸ್ಕ್ಯಾನೂ ಇದನ್ನು ಹೇಳುವುದಿಲ್ಲ, ಜೊತೆಗೆ ಬೆಳೆದವರು ಹೇಳುತ್ತಾರೆ. ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತಾ ಅಂತ ಅಪ್ಪನನ್ನೇ ಕೇಳಿ. ಅವರಿಗೂ ಹೇಳಲು ಏನೋ ಇರಬಹುದು.

ಎಂಆರ್‌ಐ ಫಿಲ್ಮನ್ನು ಮಾತ್ರ ಸಿಟ್ಟಿಗೆ ಎಸೆಯಬೇಡಿ. ಸಿಡಿ ಕೊಟ್ಟಿದ್ದರೆ ಅದರ ಸಮೇತ, ಮಡಚದೆ, ಬಿಸಿಲು ತಾಗದ ಕಡೆ ಇಡಿ. ಮುಂದೆ ಎಂದಾದರೂ ಬೇರೆ ಕಾರಣಕ್ಕೆ ಸ್ಕ್ಯಾನ್ ಆದರೆ ಹೋಲಿಸಿ ನೋಡಲು ಬೇಕಾಗುತ್ತದೆ.